ಮೂಕ ಟೀವಿಗೆ ಮೈಕಣ್ಣನ ದನಿ

“ಒಂದು ಹನಿ! ಒಂದೇ ಒಂದು ಹನಿ ಕಣ್ಣೀರು ನಮ್ಮನೆಯಲ್ಲಿ ಬೀಳಲಿ ಡಾಕ್ಟ್ರೇ, ನಾನು ಮೈಕು ಮುಟ್ಟೋದನ್ನೇ ಬಿಟ್ಬಿಡ್ತೀನಿ!”

ಕಣ್ಣಿನ ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ಮೈಕಣ್ಣ ಹೀಗೆ ಗುಡುಗಿದಾಗ ಹೊರಗೆ ಸರದಿಯಲ್ಲಿ ಕುಳಿತಿದ್ದ ಇಬ್ಬರು ತಮ್ಮನ್ನೇ ಕರೆದರೆಂದು ಎದ್ದು ನಿಂತರು. ಪಾಪ, ತಪ್ಪು ಅವರದಲ್ಲ. ಮೈಕಣ್ಣ ರೈಲು ನಿಲ್ದಾಣದ ಅನೌನ್ಸರ್. ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಮೈಕಿನಲ್ಲಿ ಹೇಳುವುದೇ ಅವನ ಉದ್ಯೋಗ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಮೈಕಣ್ಣನೇ. ಮನೆಯಲ್ಲಿ ಊಟಕ್ಕೆ ಕುಳಿತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪಿನ ಡಬ್ಬಿಗೆ ಕೈ ಹಾಕಬೇಕು, ಅಂಥ ದನಿ!

ಪೊರೆ ತೆಗೆಸಿಕೊಂಡಿದ್ದವಳು ಅವನ ಹೆಂಡತಿ. ಒಂದು ಕಣ್ಣಿಗೆ ಬಿಳಿ ಪಟ್ಟಿ. ಇನ್ನೊಂದು ಕಣ್ಣಿನಲ್ಲೂ ಪೊರೆ ಬಲಿತು ಕೂತಿತ್ತು. ಅದರಲ್ಲಿ ನೋಡಿದರೆ ಎದುರಿಗಿದ್ದ ಗಂಡನೂ ಕಿಟಕಿಯ ಪರದೆಯೂ ಒಂದೇ ಥರ ಕಾಣುತ್ತಿದ್ದವು.

“ಆಪರೇಶನ್ ಚೆನ್ನಾಗಿ ಆಗಿದೆ,” ಎಂದಿದ್ದರು ಡಾಕ್ಟರಮ್ಮ, ಆ ಗುಡುಗಿಗೆ ಮೊದಲು. “ಪಟ್ಟಿ ಬಿಚ್ಚೋವರೆಗೂ ಕಣ್ಣು ಉಜ್ಜಬಾರದು, ಅಷ್ಟೇ. ಆದ್ರೆ ಇವರಿಗೆ ಅಳು ಬಂದ್ರೆ ಸಾಕು, ಕೈ ತಾನಾಗೇ ಕಣ್ಣಿಗೆ ಹೋಗುತ್ತೆ. ಹಾಗಾಗಿ ಅಳಲೇಬಾರದು. ಈ ಕಣ್ಣು ಸರಿಹೋದ್ರೇನೇ ನಾನು ಆ ಕಣ್ಣಿಗೆ ಕೈ ಹಾಕೋದು. ಇದು ಕೆಟ್ರೆ ಆಮೇಲೆ ನನ್ನನ್ನ ಕೇಳಬೇಡಿ. ಮನೇಲಿ ಏನಾದ್ರೂ ದುಃಖ ಇದೆಯಾ?”

“ಮನೇಲಿ ಎಂಥ ದುಃಖ ಡಾಕ್ಟ್ರೇ,” ಎಂದಳು ಹೆಂಡತಿ. “ದುಃಖ ಎಲ್ಲ ಟೀವಿಯಲ್ಲಿ.”

ಅದು ನಿಜವಾಗಿತ್ತು. ಆಕೆಯ ಸಂಜೆಗಳನ್ನು ಮೂರು ಧಾರಾವಾಹಿಗಳು ಹಂಚಿಕೊಂಡಿದ್ದವು. ಮೊದಲನೆಯದು “ಏಳು ಬಾಗಿಲ ಮನೆ.” ಬಾಗಿಲು ಏಳಿದ್ದರೇನು, ಏಳಕ್ಕೂ ಬೀಗ ಜಡಿದು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡ ಸೊಸೆ ಉಳಿದವರ ಉಸಿರು ಕಟ್ಟಿಸುವ ಕಥೆ. ಎರಡನೆಯದು “ನೂರೊಂದನೇ ವಾರ್ಡು.” ಮದುವೆಯಾಗದ ಹಿರಿಯ ನರ್ಸು ತನ್ನ ನೋವನ್ನು ಬಿಳಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಎಲ್ಲರ ನೋವಿಗೆ ಮದ್ದು ಹಚ್ಚುವ ಕಥೆ. ಮೂರನೆಯದು “ಕಿಟಕಿಯಾಚೆಯ ಅಮ್ಮ.” ಹಸುಗೂಸಾಗಿದ್ದಾಗಲೇ ದೂರವಾದ ಮಗಳು ಓದುವ ಶಾಲೆಯಲ್ಲೇ ನೆಲ ಒರೆಸುವ ಕೆಲಸಕ್ಕೆ ಸೇರಿದ ತಾಯಿ, ದಿನವೂ ತರಗತಿಯ ಕಿಟಕಿಯಾಚೆ ನಿಂತು ಮಗಳನ್ನು ನೋಡುತ್ತಾಳೆ. ಆ ಮಗುವಿಗೆ ಇವಳು ಬರೀ ಬಕೆಟ್ಟಿನ ಆಂಟಿ!

ಆಕೆಗೆ ಇವರೆಲ್ಲ ಪರದೆಯ ಮೇಲಿನ ಬೊಂಬೆಗಳಲ್ಲ. ಬೆಳಗ್ಗೆ ದೇವರ ಮುಂದೆ ಕೈ ಜೋಡಿಸಿದಾಗ ಮಕ್ಕಳು, ತಂಗಿ, ಗಂಡ ಎಲ್ಲರ ಹೆಸರೂ ಮುಗಿದ ಮೇಲೆ, “ಆ ದೊಡ್ಡ ಸೊಸೆಗೂ ಒಂದಿಷ್ಟು ಒಳ್ಳೇ ಬುದ್ಧಿ ಕೊಡಪ್ಪಾ,” ಎಂದು ಸೇರಿಸುತ್ತಿದ್ದಳು.

ಮೈಕಣ್ಣನಿಗೋ ಧಾರಾವಾಹಿ ಎಂದರೆ ಅಸಡ್ಡೆ. “ಅವಳು ಸೋಮವಾರ ಕೈ ಎತ್ತಿದ್ರೆ ಏಟು ಬೀಳೋದು ಗುರುವಾರ! ನಮ್ಮ ಪ್ಯಾಸೆಂಜರ್ ಗಾಡೀನೇ ವಾಸಿ!” ಎಂದು ರೇಗಿಸುತ್ತಿದ್ದ.

“ಏಟು ಮುಖ್ಯ ಅಲ್ಲ ರೀ,” ಎನ್ನುತ್ತಿದ್ದಳು ಆಕೆ ಶಾಂತವಾಗಿ. “ಎತ್ತಿದ ಕೈಯನ್ನ ಇಳಿಸಲೋ ಬೇಡವೋ ಅಂತ ಅವಳ ಮನಸ್ಸು ಒದ್ದಾಡುತ್ತಲ್ಲ, ಅದನ್ನ ತೋರಿಸೋಕೆ ನಾಲ್ಕು ದಿನ ಬೇಡ್ವಾ?”

ಆಸ್ಪತ್ರೆಯಿಂದ ಬಂದ ಸಂಜೆ ಮೈಕಣ್ಣ ಟೀವಿಗೆ ದುಪ್ಪಟಿ ಹೊದಿಸಿದ. ಸಮಸ್ಯೆ ಮುಗಿಯಿತು ಎಂದುಕೊಂಡು ಕೈ ಕೊಡವಿ ತಿರುಗಿದರೆ, ಹೆಂಡತಿಯ ತುಟಿ ಆಗಲೇ ನಡುಗುತ್ತಿದೆ!

“ಏನಾಯ್ತೇ?”

“ಏನಿಲ್ಲ. ನಿನ್ನೆ ಆ ಮಗು ಮೆಟ್ಟಿಲಲ್ಲಿ ಕಾಲು ಜಾರೋ ಹೊತ್ತಿಗೆ ನಿಲ್ಸಿದ್ರು. ಈಗ ಬಿತ್ತೋ ಏನೋ. ಅಮ್ಮ ಹತ್ರ ಇದ್ಲೋ ಇಲ್ವೋ...” ಕೈ ಮೆಲ್ಲಗೆ ಪಟ್ಟಿಯ ಕಡೆ ಏರತೊಡಗಿತು.

ಮೈಕಣ್ಣ ಹಾರಿ ಆ ಕೈ ಹಿಡಿದುಕೊಂಡ. ನೋಡಿದರೂ ಅಳು, ನೋಡದಿದ್ದರೂ ಅಳು! ಆಗ ಅವನ ತಲೆಯಲ್ಲಿ ಒಂದು ಮಹಾ ಯೋಜನೆ ಮಿಂಚಿತು. ದುಪ್ಪಟಿ ಎಳೆದು ಬಿಸುಟ. ಟೀವಿ ಹಾಕಿದ. ಸೌಂಡ್ ಪೂರ್ತಿ ನಿಲ್ಲಿಸಿದ.

“ನೋಡು, ಸೌಂಡಲ್ಲೇ ಇರೋದು ವಿಷ. ಆ ಪಿಟೀಲು ಕುಯ್ಯೋದು ಕೇಳಿದ್ರೆ ಕಲ್ಲಿಗೂ ಅಳು ಬರುತ್ತೆ. ಇನ್ಮೇಲೆ ಅಲ್ಲಿ ಏನೇನು ನಡೆಯುತ್ತೋ ನಾನು ನೋಡಿ ಹೇಳ್ತೀನಿ. ಇಡೀ ಸ್ಟೇಶನ್ನಿಗೆ ದಾರಿ ತೋರಿಸಿದ ದನಿ ಇದು. ನಿನ್ನ ಮೂರು ಧಾರಾವಾಹಿ ನನಗೆ ಯಾವ ಲೆಕ್ಕ?”

ಹೀಗೆ ಆರಂಭವಾಯಿತು ಮೈಕಣ್ಣನ ಮಹಾಪ್ರಸಾರ.

“ದಯವಿಟ್ಟು ಗಮನಿಸಿ. ಅಡುಗೆಮನೆ ಕಡೆಯಿಂದ ಬರುತ್ತಿರುವ ಚಿಕ್ಕ ಸೊಸೆ ಇನ್ನು ಕೆಲವೇ ಕ್ಷಣಗಳಲ್ಲಿ ನಡುಮನೆಗೆ ಆಗಮಿಸಲಿದ್ದಾಳೆ.”

“ರೀ, ಅವಳೇನು ರೈಲಾ?”

“ಅಭ್ಯಾಸ ಕಣೇ. ಹ್ಞಾಂ, ಬಂದ್ಲು. ನಿಂತ್ಲು.”

“ಅಳ್ತಿದಾಳಾ?”

ಚಿಕ್ಕ ಸೊಸೆ ಅಳುತ್ತಿದ್ದಳು. ಅಳುವುದೆಂದರೆ ಎಂಥದ್ದು, ಗಲ್ಲದ ಮೇಲೆ ಎರಡು ಕಾಲುವೆ! ಮೈಕಣ್ಣ ಒಮ್ಮೆ ಪರದೆ ನೋಡಿದ, ಒಮ್ಮೆ ಪಟ್ಟಿ ನೋಡಿದ.

“ಇಲ್ಲ. ನೆಗಡಿ.”

“ಅತ್ತೆ?”

“ಅವರಿಗೂ ನೆಗಡಿ.”

“ಮಾವ ಏನ್ಮಾಡ್ತಿದಾರೆ?”

“ಮೂಗು ಒರೆಸ್ಕೋತಿದಾರೆ. ಆ ಮನೇಲಿ ಏಳು ಬಾಗಿಲು ಅಲ್ವಾ, ಎಲ್ಲಾ ಕಡೆಯಿಂದ ಗಾಳಿ.”

ಅಂದಿನಿಂದ ಮೂರೂ ಧಾರಾವಾಹಿಗಳಲ್ಲಿ ನೆಗಡಿಯ ಸಾಂಕ್ರಾಮಿಕ ಹರಡಿತು. ಮನೆಯಿಂದ ಓಡಿಸಲ್ಪಟ್ಟ ಮೈದುನ ತಿರುಗಾಡಲು ಹೊರಟವನಾದ. ಕುಸಿದು ಬಿದ್ದ ಮುದುಕ, ನೆಲದ ತಂಪಿಗೆ ಮಲಗಿದವನಾದ. ಎರಡನೆಯ ಸಂಜೆ ದೊಡ್ಡ ಸೊಸೆ ಕೀಲಿಗೊಂಚಲು ಝಳಪಿಸುತ್ತ ಯಾರನ್ನೋ ಕೊಠಡಿಗೆ ತಳ್ಳಿ ಬೀಗ ಹಾಕಿದಾಗ ಮೈಕಣ್ಣನಿಗೆ ತಡೆಯಲಾಗಲಿಲ್ಲ. ಅವಳನ್ನು ಒಂದೇ ಉಸಿರಿಗೆ ದೂರದ ಪ್ರವಾಸಕ್ಕೆ ಕಳಿಸಿಬಿಟ್ಟ. ಕೀಲಿಗೊಂಚಲನ್ನು ಅತ್ತೆಯ ಕೈಗೆ ಕೊಡಿಸಿ, ಕಾಲಿಗೆ ನಮಸ್ಕಾರವನ್ನೂ ಮಾಡಿಸಿದ!

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದವನ ಕಿವಿಗೆ ದೇವರ ಮುಂದಿನ ಪ್ರಾರ್ಥನೆ ಬಿತ್ತು. “ದೊಡ್ಡ ಸೊಸೆಗೆ ಒಳ್ಳೇ ಬುದ್ಧಿ ಕೊಟ್ಟೆಯಲ್ಲ ತಂದೆ, ನಿನ್ನ ಉಪಕಾರ ದೊಡ್ಡದು. ಎಷ್ಟು ದಿನದಿಂದ ಕೇಳ್ಕೋತಿದ್ದೆ...”

ಮೈಕಣ್ಣನ ಕೈಯಲ್ಲಿದ್ದ ಬ್ರಶ್ಶು ಅಲ್ಲೇ ನಿಂತಿತು. ಹೆಂಡತಿಗೆ ಹೇಳಿದ ಸುಳ್ಳು ನೇರ ದೇವರ ದರ್ಬಾರಿಗೇ ವರದಿಯಾಗಿ ಹೋಗಿತ್ತು! ತಿದ್ದೋಣವೆಂದರೆ ಪಟ್ಟಿಯ ಹಿಂದಿನ ಕಣ್ಣಿನ ಭಯ. ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೊರಟ.

ಅದೇ ಸಂಜೆ ಕಿಟಕಿಯಾಚೆಯ ಅಮ್ಮನನ್ನೂ ಮಗಳನ್ನೂ ಒಂದುಮಾಡಿದ. ಇಬ್ಬರಿಗೂ ಒಂದು ಪುಟ್ಟ ಮನೆ ಕೊಟ್ಟ. ಮನೆ ಮುಂದೆ ಹೂವಿನ ಗಿಡ ನೆಟ್ಟ. ಒಂದು ನಾಯಿಮರಿ ಬಿಟ್ಟ. ನಾಳೆಗೆ ಏನೂ ಉಳಿಸಿಕೊಳ್ಳದೆ ಎಲ್ಲ ಸುಖವನ್ನೂ ಒಂದೇ ಕಂತಿಗೆ ಸುರಿದ.

ಆಮೇಲೆ ಶುರುವಾಯಿತು ನೋಡಿ ಪಜೀತಿ. ಸುಖಕ್ಕೆ ಕಥೆಯಿಲ್ಲ! ತಾಯಿ ಮಗಳು ಗಿಡಕ್ಕೆ ನೀರು ಹಾಕಿದರು. ಮರುದಿನ ಮತ್ತೆ ಹಾಕಿದರು. ಅದರ ಮರುದಿನ ನಾಯಿಮರಿಗೆ ಸ್ನಾನವಾಯಿತು. ಹೆಂಡತಿ ಆಕಳಿಸಿದಳು.

“ರೀ, ಈ ಧಾರಾವಾಹಿ ಕೆಟ್ಟು ಕೆರ ಹಿಡಿದುಹೋಯ್ತು. ಎಷ್ಟು ಚೆನ್ನಾಗಿ ಬರ್ತಿತ್ತು! ಈಗ ಬರೀತಿರೋನು ಯಾರೋ, ತಲೆ ಇಲ್ಲ ಅವನಿಗೆ.”

“ತಲೆ ಇಲ್ವಾ?” ಮೈಕಣ್ಣನ ದನಿ ಏರಿತು.

“ಇದ್ದಿದ್ರೆ ಹೀಗ್ ಬರೀತಿದ್ನಾ? ಮೊದಲಿನೋನು ಏನು ಸೊಗಸಾಗಿ ಕಟ್ಟಿದ್ದ ರೀ. ಆ ತಾಯಿ ನೆಲ ಒರೆಸ್ತಾ ಒರೆಸ್ತಾ ಮಗಳ ಬೆಂಚಿನ ಹತ್ರ ಬಂದಾಗ ಕೈ ನಿಧಾನ ಆಗ್ತಿತ್ತು. ಅಷ್ಟೇ. ಮಾತಿಲ್ಲ ಕಥೆ ಇಲ್ಲ. ಅದನ್ನ ನೋಡ್ತಾ ಕೈಯಲ್ಲಿದ್ದ ಕಾಫಿ ಕುಡಿಯೋದೇ ಮರೀತಿದ್ದೆ. ಇವನು ನಾಯಿ ತೊಳೀತಾ ಕೂತಿದಾನೆ!”

ಮೈಕಣ್ಣನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಇಷ್ಟು ವರ್ಷದ ದನಿಗೆ ಯಾವ ಪ್ರಯಾಣಿಕನೂ ಹೀಗೆ ಅಂದಿರಲಿಲ್ಲ. ಆ ಮೊದಲಿನವನು ಅಷ್ಟೇನು ಮಹಾ ಬರೆಯುತ್ತಾನೆ, ನೋಡಿಯೇಬಿಡೋಣ ಎಂದು ಹಲ್ಲು ಕಚ್ಚಿ, ಮರುದಿನ ಸ್ಟೇಶನ್ನಿನ ತನ್ನ ಗಾಜಿನ ಗೂಡಿನಲ್ಲಿ ಎರಡು ಗಾಡಿಗಳ ನಡುವೆ ಬಿಡುವು ಸಿಕ್ಕಾಗ ಫೋನಿನಲ್ಲಿ ಹಳೆಯ ಕಂತು ಹಾಕಿದ. ಈ ಬಾರಿ ಸೌಂಡಿನ ಸಮೇತ.

ತಪ್ಪು ಕಂಡುಹಿಡಿಯಲು ಕುಳಿತವನು ಕುಳಿತೇ ಇದ್ದ. ಇಷ್ಟು ದಿನ ಮೂಕ ಟೀವಿಯ ಮುಂದೆ ಆ ಮುಖಗಳನ್ನು ದಿಟ್ಟಿಸಿ ನೋಡಿ ನೋಡಿ ಅವನಿಗೆ ಗೊತ್ತಿಲ್ಲದೆ ಒಂದು ಸಲಿಗೆ ಬೆಳೆದಿತ್ತು. ಆ ತಾಯಿಯ ಪಾತ್ರದವಳು ಒದ್ದೆ ಬಟ್ಟೆ ಹಿಂಡುವಾಗ ಮಗಳ ನಗು ಕೇಳಿಸಿದರೆ ಹಿಂಡುವುದನ್ನು ಅರ್ಧಕ್ಕೇ ಬಿಡುತ್ತಿದ್ದಳು. ನೀರು ತಾನಾಗಿ ಸೋರುತ್ತಿತ್ತು. ಹಿರಿಯ ನರ್ಸು ರೋಗಿಗೆ “ಏನೂ ಆಗಲ್ಲ” ಎನ್ನುವಾಗ ಅವಳ ದನಿ ಕೊನೆಯಲ್ಲಿ ಕೂದಲೆಳೆಯಷ್ಟು ಅಲುಗುತ್ತಿತ್ತು. ದನಿಯಿಂದಲೇ ಅನ್ನ ತಿನ್ನುವ ಮೈಕಣ್ಣನಿಗೆ ಆ ಅಲುಗಾಟದ ಬೆಲೆ ಗೊತ್ತು. ಅಂಥದನ್ನು ಕಲಿಸಿ ಬರಿಸಲಾಗುವುದಿಲ್ಲ. ದೊಡ್ಡ ಸೊಸೆ ಕೂಡ, ಎಲ್ಲರಿಗೂ ಬೀಗ ಹಾಕಿದ ಮೇಲೆ ತನ್ನ ಕೋಣೆಯಲ್ಲಿ ಒಬ್ಬಳೇ ಕುಳಿತು ಕೀಲಿಗೊಂಚಲನ್ನು ಮಡಿಲಲ್ಲಿಟ್ಟು ಮಗುವಿನಂತೆ ತಟ್ಟುತ್ತಿದ್ದಳು! ಅವಳನ್ನು ಪ್ರವಾಸಕ್ಕೆ ಅಟ್ಟಿದೆನಲ್ಲ ಎಂದು ಮೈಕಣ್ಣನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಕಣ್ಣು ತುಂಬಿತು. ಎರಡೂ ಮುಷ್ಟಿಯಿಂದ ಗಸಗಸ ಉಜ್ಜಿಕೊಂಡ.

“ಮೈಕಣ್ಣಾ, ಅಳ್ತಿದೀರಾ?” ಬಾಗಿಲಲ್ಲಿ ಟಿಕೆಟ್ ಕೌಂಟರಿನವಳು ನಿಂತಿದ್ದಳು.

“ಇಲ್ಲಮ್ಮ. ನೆಗಡಿ.”

ಆಕೆ ಫೋನಿನ ಕಡೆ ಬಗ್ಗಿ ನೋಡಿದಳು. “ಓ, ಕಿಟಕಿಯಾಚೆಯ ಅಮ್ಮ! ಇದಕ್ಕೇ ಇಷ್ಟು ಅತ್ರೆ ಹೇಗೆ? ಮೆಟ್ಟಿಲಿನ ಕಂತು ನೋಡಿಲ್ವಾ? ಮಗು ಬೀಳೋದನ್ನ ತೋರಿಸೋದೇ ಇಲ್ಲ, ಬಕೆಟ್ಟು ಉರುಳೋ ಸದ್ದು ಮಾತ್ರ. ನಾನಂತೂ ಅವತ್ತು ಊಟ ಮಾಡ್ಲಿಲ್ಲ. ಏಳು ಬಾಗಿಲು ಸ್ವಲ್ಪ ಎಳೀತಾರೆ, ಒಪ್ತೀನಿ. ಆದ್ರೆ ಆ ದೊಡ್ಡ ಸೊಸೆ ಮಾಡೋಳು ಇದಾಳಲ್ಲ, ಅವಳು ಸುಮ್ನೆ ನಡೆದು ಹೋದ್ರೂ ನೋಡಬೇಕು ಅನ್ಸುತ್ತೆ.”

“ನರ್ಸಮ್ಮನ ಮುಂದೆ ಅವಳು ಏನೂ ಅಲ್ಲ!” ಮೈಕಣ್ಣ ಗುಡುಗಿದ. ಗೂಡಿನ ಗಾಜು ಅದುರಿತು. ಆ ಕ್ಷಣದಲ್ಲಿ ಬಂದ ಗಾಡಿ ತನ್ನ ಪಾಡಿಗೆ ತಾನೇ ಬಂದು, ತಾನೇ ಹೊರಟುಹೋಯಿತು.

ಅಂದಿನಿಂದ ಮೈಕಣ್ಣನ ಬದುಕು ಎರಡಾಯಿತು. ಹಗಲು ಗೂಡಿನಲ್ಲಿ ನಿಜದ ಕಥೆಗೆ ಅಳುವುದು, ಉಜ್ಜಿಕೊಳ್ಳುವುದು. ಸಂಜೆ ಮನೆಯಲ್ಲಿ ಸುಳ್ಳು ಕಥೆಗೆ ನಗುವುದು. ಈ ನಡುವೆ ಹೆಂಡತಿಯ ತಂಗಿ ಫೋನು ಮಾಡಿದಾಗಲೆಲ್ಲ ಗಾಬರಿ. ಅವಳೂ ಅದೇ ಮೂರನ್ನು ನೋಡುವವಳು, ಬಾಯಿ ಬಿಟ್ಟರೆ ಎಲ್ಲ ಬಯಲು! “ನಿಮ್ಮಕ್ಕ ಮಲಗಿದಾಳಮ್ಮ,” ಎಂದು ಪ್ರತಿ ಬಾರಿಯೂ ಫೋನು ಇಡುತ್ತಿದ್ದ. ಎಷ್ಟು ಹೊತ್ತಿಗೆ ಮಾಡಿದರೂ ಅಕ್ಕ ಮಲಗಿಯೇ ಇದ್ದಾಳೆ ಎಂದರೆ ಯಾವ ತಂಗಿಯ ಎದೆ ತಡೆದೀತು? ಪಟ್ಟಿ ಬಿಚ್ಚುವ ಹಿಂದಿನ ಸಂಜೆ, ಸರಿಯಾಗಿ ಧಾರಾವಾಹಿಯ ಹೊತ್ತಿಗೆ, ತಂಗಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

“ಅಕ್ಕಾ! ಏನಾಗಿದೆ ನಿನಗೆ? ಭಾವ ಏನೋ ಮುಚ್ಚಿಡ್ತಿದಾರೆ!”

“ಏನಿಲ್ಲ ಕಣೇ, ಬಾ, ಕೂತ್ಕೋ. ಒಳ್ಳೇ ಹೊತ್ತಿಗೆ ಬಂದೆ. ಈಗ್ತಾನೆ ಆ ಮಗುವಿನ ಹುಟ್ಟಿದ ಹಬ್ಬ ನಡೀತಿದೆ.”

ತಂಗಿ ಪರದೆಯ ಕಡೆ ತಿರುಗಿದಳು. ಅಲ್ಲಿ ಆಸ್ಪತ್ರೆ. ಮಂಚದ ಮೇಲೆ ಮಗು, ಮೂಗಿಗೆ ಕೊಳವೆ. ಮಂಚಕ್ಕೆ ಅಂಟಿದ ಗಾಜಿನ ಕಿಟಕಿಯಾಚೆ ತಾಯಿ.

“ಹುಟ್ಟಿದ ಹಬ್ಬಾನಾ?” ತಂಗಿ ಬಾಯಿ ತೆರೆದಳು. ಮೈಕಣ್ಣ ಅಕ್ಕನ ಬೆನ್ನ ಹಿಂದೆ ನಿಂತು ಕೈ ಮುಗಿದ, ಕಣ್ಣು ತೋರಿಸಿದ, ಪಟ್ಟಿ ತೋರಿಸಿದ, ತುಟಿಗೆ ಬೆರಳಿಟ್ಟ.

“ಮತ್ತೆ... ಮತ್ತೆ ಆಸ್ಪತ್ರೆ ಮಂಚ ಯಾಕೆ ಭಾವ?” ಪಾಪ, ಅವಳಿಗೆ ಅಷ್ಟೇ ತೋಚಿದ್ದು.

“ಮಂಚಾನಾ?” ಎಂದಳು ಅಕ್ಕ.

“ಹ್ಞಾಂ! ಅದು... ಕೇಕನ್ನ ಆಸ್ಪತ್ರೆಯಲ್ಲಿ ಕತ್ತರಿಸ್ತಿದಾರೆ. ರೋಗಿಗಳಿಗೆಲ್ಲ ಹಂಚೋಣ ಅಂತ. ಒಳ್ಳೇ ಮನಸ್ಸಿನ ಮಗು!”

“ಎಲ್ರೂ ಸಂತೋಷವಾಗಿದಾರಾ?”

“ತುಂಬಾ!” ಎಂದಳು ತಂಗಿ, ಸೊರಸೊರ ಮೂಗೆಳೆಯುತ್ತ.

“ನಿನಗೂ ನೆಗಡೀನಾ?”

ಆಗ ಪರದೆಯ ಮೇಲೆ ಮಗು ಕಣ್ಣು ತೆರೆಯಿತು. ತಲೆ ಮೆಲ್ಲಗೆ ಕಿಟಕಿಯ ಕಡೆ ಹೊರಳಿತು. ಬಕೆಟ್ಟಿನ ಆಂಟಿಯನ್ನು ತುಂಬ ಹೊತ್ತು ನೋಡಿತು. ಆಮೇಲೆ, ಯಾರೂ ಹೇಳಿಕೊಡದೆ, ತನ್ನ ಪುಟ್ಟ ಅಂಗೈಯನ್ನು ಗಾಜಿಗೆ ಇಟ್ಟಿತು. ಆಚೆಯಿಂದ ತಾಯಿ ತನ್ನ ಅಂಗೈ ಎತ್ತಿದಳು. ನೆಲ ಒರೆಸಿ ಒರೆಸಿ ಬಿರಿದ ಕೈ. ಗಾಜು ಕೊಳೆಯಾದೀತೆಂದು ಅದನ್ನು ಮೊದಲು ತನ್ನ ಬಟ್ಟೆಗೆ ಒರೆಸಿಕೊಂಡಳು. ಆಮೇಲೆ ಇಟ್ಟಳು.

ಇಷ್ಟು ಸಾಕಲ್ಲ! ಮೈಕಣ್ಣನಿಗೆ ಈಗ ಯಾವ ಸುಳ್ಳೂ ಬೇಕಿರಲಿಲ್ಲ. ಅವನು ಕಟ್ಟಿದ ನಾಯಿಮರಿ, ಹೂಗಿಡ, ಪುಟ್ಟ ಮನೆ ಎಲ್ಲಕ್ಕಿಂತ ದೊಡ್ಡ ಸುಖ ಅಲ್ಲೇ ಕಣ್ಣೆದುರಿಗಿತ್ತು. ಹೇಳಿದ್ದರೆ ಸಾಕಿತ್ತು. ಆದರೆ ಬಾಯಿ ತೆರೆದರೆ ದನಿಯೇ ಇಲ್ಲ!

“ರೀ? ಏನಾಯ್ತು? ಕೇಕು ಕತ್ತರಿಸಿದ್ರಾ?”

ಮೈಕಣ್ಣ ಪರದೆಯ ಕಡೆ ಬೆರಳು ತೋರಿಸಿದ, ಕಾಣದವಳಿಗೆ.

“ರೀ, ಮೈಕು ಕೆಟ್ಟೋಯ್ತಾ?”

ಮೈಕಣ್ಣ ಬಿಕ್ಕಿದ. ಒಂದು ಬಿಕ್ಕಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಎರಡನೆಯದಕ್ಕೆ ತಂಗಿಯೂ ಜೊತೆಗೂಡಿದಳು. ಭಾವ ಒಂದು ಕಡೆ, ತಂಗಿ ಇನ್ನೊಂದು ಕಡೆ, ಇಬ್ಬರ ಗೋಳಾಟದ ನಡುವೆ ಪಟ್ಟಿ ಕಟ್ಟಿಕೊಂಡ ಹೆಂಗಸು ಸೆಟೆದು ಕುಳಿತಳು. ಅಳಲು ಅವಳಿಗೆ ಪುರುಸೊತ್ತೆಲ್ಲಿ? ತಡಕಾಡಿ ತಂಗಿಯ ತಲೆ ಸವರಿದಳು. ತಡಕಾಡಿ ಗಂಡನ ಮುಖ ಮುಟ್ಟಿದಳು. ಅವನ ಎರಡೂ ಮುಷ್ಟಿ ಕಣ್ಣಿನ ಮೇಲೆ!

“ಉಜ್ಜಬೇಡಿ ರೀ!” ಎಂದು ಗದರಿದಳು. “ಡಾಕ್ಟ್ರು ಹೇಳಿದ್ದು ಮರೆತೋಯ್ತಾ? ಮೆತ್ತಗೆ ಒತ್ತಿ ಒರೆಸ್ಕೊಳ್ಳಿ. ಇಗೋ ಕರ್ಚೀಫು.”

ತಂಗಿ ಸುಧಾರಿಸಿಕೊಂಡು ಎಲ್ಲವನ್ನೂ ಹೇಳಿದಳು. ಕೇಕಿಲ್ಲ, ನಾಯಿಮರಿಯಿಲ್ಲ, ಯಾರಿಗೂ ನೆಗಡಿಯಿಲ್ಲ; ಇರುವುದು ಬಟ್ಟೆಗೆ ಒರೆಸಿ ಗಾಜಿಗಿಟ್ಟ ಆ ತಾಯಿಯ ಕೈ ಮಾತ್ರ. ಮೈಕಣ್ಣ ತಲೆ ತಗ್ಗಿಸಿ ಕುಳಿತಿದ್ದ. ಹೆಂಡತಿ ಅವನ ಕಡೆ ತಿರುಗಿದಳು.

“ಹಾಗಾದ್ರೆ ದೊಡ್ಡ ಸೊಸೆ ಪ್ರವಾಸ ಹೋಗಿಲ್ವಾ?”

“ಇಲ್ಲ,” ಎಂದ ಮೈಕಣ್ಣ, ಇಡೀ ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುದನಿಯಲ್ಲಿ.

“ಅಯ್ಯೋ, ನಾನು ದೇವರಿಗೆ ಉಪಕಾರ ಅಂತಾನೂ ಹೇಳಿ ಮುಗಿಸಿಬಿಟ್ಟೆನಲ್ಲ ರೀ! ಈಗ ಹೋಗಿ ಇಲ್ಲಪ್ಪಾ, ಅವಳಿನ್ನೂ ಹಾಗೇ ಇದಾಳಂತೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?” ಎಂದಳು. ನಂತರ ತಡೆದು ಕೇಳಿದಳು: “ಆ ತಾಯಿ ನಿಜವಾಗ್ಲೂ ಕೈ ಒರೆಸ್ಕೊಂಡ್ಲಾ?”

“ಹ್ಞೂಂ ಕಣೇ.”

“ನೋಡಿದ್ರಾ? ನಾನು ಹೇಳಿರ್ಲಿಲ್ವಾ, ಆ ಮೊದಲಿನೋನಿಗೆ ತಲೆ ಇದೆ ಅಂತ!”

ಮರುದಿನ ಆಸ್ಪತ್ರೆಯ ಅದೇ ಪುಟ್ಟ ಕೋಣೆ. ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಸಣ್ಣ ಬ್ಯಾಟರಿ ಬಿಟ್ಟು ನೋಡಿದರು. “ಭೇಷ್! ಒಂದು ಚೂರೂ ಕೆಂಪಿಲ್ಲ. ಕನ್ನಡಿ ಹಾಗಿದೆ. ಇನ್ನೊಂದು ಕಣ್ಣಿಗೆ ದಿನ ಗೊತ್ತು ಮಾಡೋಣ,” ಎನ್ನುತ್ತ ಪಕ್ಕಕ್ಕೆ ತಿರುಗಿದವರು ಬೆಚ್ಚಿದರು. ಹೆಂಡತಿಯೂ ಹೊಸ ಕಣ್ಣು ಅರಳಿಸಿ ಮೊದಲು ನೋಡಿದ್ದು ಅದನ್ನೇ.

“ಅಯ್ಯಯ್ಯೋ, ನಿಮ್ಮ ಕಣ್ಣೇನ್ರೀ ಹೀಗೆ ಬಾತುಕೊಂಡಿದೆ!”

ಮೈಕಣ್ಣನ ಎರಡೂ ಕಣ್ಣು ಕೆಂಡದುಂಡೆಯಾಗಿದ್ದವು. ಡಾಕ್ಟರಮ್ಮ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, “ನಿಮ್ಮಿಬ್ಬರಲ್ಲಿ ಆಪರೇಶನ್ ಆಗಿದ್ದು ಯಾರಿಗೆ?” ಎಂದರು. ಬ್ಯಾಟರಿ ಈಗ ಅವನ ಕಣ್ಣಿಗೆ ಬಿತ್ತು. “ಚೆನ್ನಾಗಿ ಉಜ್ಜಿದೀರಿ! ಈ ಡ್ರಾಪ್ಸ್ ಬಿಟ್ಕೊಂಡು ಮನೇಲಿ ಕಣ್ಣು ಮುಚ್ಚಿ ಮಲಗಿ. ಟೀವಿ ಇಲ್ಲ, ಫೋನಿಲ್ಲ. ಅಳಬಾರದು, ಉಜ್ಜಬಾರದು. ಅಂದಹಾಗೆ, ಒಂದು ಹನಿ ಬಿದ್ರೆ ಮೈಕು ಮುಟ್ಟಲ್ಲ ಅಂತ ಯಾರೋ ಹೇಳಿದ ನೆನಪು.”

ಮೈಕಣ್ಣ ಏನೋ ಹೇಳಹೋದ. ಅತ್ತು ಅತ್ತು ಕಟ್ಟಿದ ಗಂಟಲಿನಿಂದ ಬಂದದ್ದು ಹಳೆಯ ಬಾಗಿಲಿನ ಕಿರುಗುಟ್ಟುವಿಕೆ. ಹೊರಗೆ ಸರದಿಯಲ್ಲಿದ್ದ ಒಬ್ಬರೂ ಎದ್ದು ನಿಲ್ಲಲಿಲ್ಲ.

ಆ ಸಂಜೆ ಸ್ಟೇಶನ್ನಿನಲ್ಲಿ ಟಿಕೆಟ್ ಕೌಂಟರಿನವಳು ಗಾಡಿಗಳನ್ನು ಕರೆಯುತ್ತಿದ್ದಳು. ಮನೆಯಲ್ಲಿ ಮೈಕಣ್ಣ ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟುಕೊಂಡು ಮಂಚದ ಮೇಲೆ ಅಂಗಾತ ಮಲಗಿದ್ದ. ಹೆಂಡತಿ ಕಪ್ಪು ಕನ್ನಡಕ ಏರಿಸಿ ಟೀವಿಯ ಮುಂದೆ ಕುಳಿತಳು. ಪಿಟೀಲು ಒಮ್ಮೆ ಕುಯ್ಗುಟ್ಟಿ ಥಟ್ಟನೆ ನಿಂತಿತು.

“ಸೌಂಡ್ ಯಾಕೆ ನಿಲ್ಸಿದೆಯೇ?”

“ಸೌಂಡಲ್ಲೇ ಇರೋದು ವಿಷ ಅಂದೋರು ಯಾರು? ಸುಮ್ನೆ ಮಲಗಿ, ನಾನು ಹೇಳ್ತೀನಿ.” ಗಂಟಲು ಸರಿಮಾಡಿಕೊಂಡಳು. “ದಯವಿಟ್ಟು ಗಮನಿಸಿ. ಮಗುವನ್ನು ಮನೆಗೆ ಕರೆದೊಯ್ಯಲು ಬಂದಿರುವ ತಾಯಿ ಆಸ್ಪತ್ರೆಯ ಬಾಗಿಲಿಗೆ ಆಗಮಿಸಿದ್ದಾಳೆ.”

“ಬಂದ್ಲಾ? ಆಮೇಲೆ? ಮಗು ಅವಳನ್ನ ಅಮ್ಮಾ ಅಂತ ಕರೀತಾ?”

ಮೈಕಣ್ಣ ಕಿವಿಯಾಗಿ ಕಾದ. ಗಡಿಯಾರದ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಕೇಳಿಸಲಿಲ್ಲ. ಅವನ ಕೈ ತಾನಾಗಿ ಹತ್ತಿಯ ಕಡೆ ಏರತೊಡಗಿತು. ಬಳೆಯ ಕೈಯೊಂದು ಬಂದು ಅದನ್ನು ಅರ್ಧದಲ್ಲೇ ಹಿಡಿದುಕೊಂಡಿತು.

“ಹೇಳೇ, ಅವಳು ಅಳ್ತಿದಾಳಾ?”

ಹೆಂಡತಿ ಇನ್ನೊಂದು ಕೈಯಿಂದ ಕರ್ಚೀಫನ್ನು ಕಪ್ಪು ಕನ್ನಡಕದ ಕೆಳಗೆ ಮೆತ್ತಗೆ ಒತ್ತಿಕೊಂಡಳು.

“ಇಲ್ಲ ರೀ,” ಎಂದಳು. “ನೆಗಡಿ.”